3ಡಿ ಪ್ರಿಂಟ್ ಮಾಡಿದ ಟೈಟಾನಿಯಂ ಬ್ರಾಕೆಟ್ ಬಾಗಿದೆ, ಪುಡಿ ಕಳಪೆಯಾ?

ಪೀಣ್ಯ_ಲೇತ್: ನಮ್ಮದು ಸಣ್ಣ ಮಷಿನ್ ಶಾಪ್. ಗಿರಾಕಿಯೊಬ್ಬರು ಬ್ರಾಕೆಟ್ಟನ್ನು ಹೊರಗೆ ಲೋಹದ ಪುಡಿಯಿಂದ ಪ್ರಿಂಟ್ ಮಾಡಿಸಿ, ತೂತು ಹಾಕಲು ನಮಗೆ ಕೊಟ್ಟಿದ್ದಾರೆ. ಪಕ್ಕಾ ಸಮತಟ್ಟಾದ ಸರ್ಫೇಸ್ ಪ್ಲೇಟ್ ಮೇಲಿಟ್ಟರೆ ಒಂದು ತುದಿ ಎದ್ದು ನಿಲ್ಲುತ್ತದೆ, ಸಂದಿ ಅಳೆಯುವ ಫೀಲರ್ ಗೇಜ್ ಸಲೀಸಾಗಿ ಒಳಗೆ ಹೋಗುತ್ತದೆ. ಡ್ರಾಯಿಂಗ್ ಸರಿಯಾಗೇ ಇದೆ.

ಪುಡಿಪುರಾಣ: ಪುಡಿಯನ್ನು ಸುಮ್ನೆ ಬೈಯಬೇಡಿ ಸಾರ್. ಒಂದೊಂದು ಪದರ ಸಾಮಾನ್ಯವಾಗಿ 30ರಿಂದ 60 ಮೈಕ್ರಾನ್ ಅಷ್ಟೇ. ಲೇಸರ್ ಬಿದ್ದ ಕಡೆ ಕರಗಿ ತಕ್ಷಣ ಗಟ್ಟಿಯಾಗುತ್ತದೆ, ತಣಿಯುವಾಗ ಕುಗ್ಗಿ ಕೆಳಗಿನದನ್ನು ಎಳೆಯುತ್ತದೆ. ಆ ಎಳೆತವೆಲ್ಲ ಒಳಗೇ ಉಳಿಯುತ್ತದೆ. ಪ್ರಿಂಟ್ ಆಗುವಾಗ ಅಡಿಯಲ್ಲಿರುವ ಬಿಲ್ಡ್ ಪ್ಲೇಟ್ ಹಿಡಿದಿರುವ ತನಕ ತೆಪ್ಪಗಿರುತ್ತದೆ, ವೈರ್‌ಕಟ್ ಮಾಡಿ ಪ್ಲೇಟಿನಿಂದ ಬಿಡಿಸಿದ ಕೂಡಲೇ ಬಿಲ್ಲಿನ ಹಾಗೆ ಬಾಗುತ್ತದೆ. ಪ್ಲೇಟ್ ಸಮೇತ ಫರ್ನೇಸಿಗೆ ಹಾಕಿ ಸ್ಟ್ರೆಸ್ ರಿಲೀವ್ ಮಾಡಿ, ಅಂದ್ರೆ ಕಾಯಿಸಿ ಆ ಎಳೆತ ಇಳಿಸಿ, ಆಮೇಲೆ ಕತ್ತರಿಸಬೇಕು. ಟೈಟಾನಿಯಂ ಅಲ್ವಾ, ಗಾಳಿ ತಾಗದಂತೆ ವ್ಯಾಕ್ಯೂಮ್ ಇಲ್ಲವೇ ಆರ್ಗಾನ್ ಬೇಕೇ ಬೇಕು. ಪ್ರಿಂಟ್ ಮಾಡಿದವರು ಅವಸರಕ್ಕೆ ಸ್ಟ್ರೆಸ್ ರಿಲೀವನ್ನೇ ಬಿಟ್ಟಿರಬಹುದು, ಕೇಳಿ ನೋಡಿ.

ಪೀಣ್ಯ_ಲೇತ್: ಇಷ್ಟೆಲ್ಲ ರಗಳೆ ಯಾಕೆ? ಗಟ್ಟಿ ತುಂಡಿನಿಂದ ಮಿಲ್ಲಿಂಗ್ ಮಾಡಿದ್ರೆ ಆಗಲ್ವಾ?

ಪುಡಿಪುರಾಣ: ಸಾದಾ ಬ್ರಾಕೆಟ್ ಆದ್ರೆ ಮಿಲ್ಲಿಂಗೇ ವಾಸಿ. ಪ್ರಿಂಟಿಂಗ್‌ನ ಗಮ್ಮತ್ತು ಬೇರೆ ಕಡೆ ಇದೆ. ಇಸ್ರೋ 2024ರ ಮೇನಲ್ಲಿ ಉರಿಸಿ ನೋಡಿದ, ಪ್ರಿಂಟ್ ಮಾಡಿದ ಪಿಎಸ್‌4 (ಪಿಎಸ್‌ಎಲ್‌ವಿ ರಾಕೆಟ್‌ನ ನಾಲ್ಕನೇ ಹಂತದ) ಎಂಜಿನ್‌ನಲ್ಲಿ 14 ಭಾಗಗಳು ಒಂದೇ ತುಂಡಾದವು, 19 ವೆಲ್ಡ್ ಜಾಯಿಂಟ್ ಹೋದವು. ಅಂಥದ್ದಕ್ಕೆ ಖರ್ಚು ಮಾಡಿದರೂ ಸರಿ.

ಸ್ಪಿಂಡಲ್_ಸ್ವಾಮಿ: ಒಂದು ಮಾತು. ಬ್ರಾಕೆಟ್‌ನ ಸಂದಿಯಲ್ಲಿ ಪುಡಿ ಉಳಿದಿದ್ದರೆ ಏರ್ ಗನ್‌ನಿಂದ ಊದಬೇಡಿ. ಟೈಟಾನಿಯಂ ಪುಡಿ ಗಾಳಿಗೆದ್ದರೆ ಒಂದು ಕಿಡಿ ಸಾಕು. ಬೆಂಕಿ ಹತ್ತಿದರೆ ನೀರು ಹಾಕಲೇಬಾರದು. ಲೋಹದ ಬೆಂಕಿಗೆಂದೇ ಸಿಗುವ ಡಿ ಕ್ಲಾಸ್ ಪೌಡರ್ ಇಟ್ಟುಕೊಂಡೇ ಡ್ರಿಲ್ ಹಿಡಿಯಿರಿ.