‘ಮಷ್ಯನುರ’ ಓದಲು ಬಂದರೆ ಬುದ್ಧಿ ಚುರುಕಾ? ಮನೆ ಗುಂಪಿನಲ್ಲಿ ನಡೆದ ಚರ್ಚೆ

(ಗುಂಪು: ಕೊರಟಗೆರೆ ಮನೆಯವರು)

ದೊಡ್ಡಪ್ಪ: (ಫಾರ್ವರ್ಡ್) ‘ಮಷ್ಯನುರ ಮೆದುಳು ವಿತ್ರಚಿವಾಗಿ ಕೆಲಸ ಮಾತ್ತಡುದೆ. ಪದದ ಮೊದಲ ಅಕ್ಷರ, ಕೊನೆಯ ಅಕ್ಷರ ಸಯಾರಿಗಿದ್ದರೆ ಸಾಕು, ಓಬದಹುದು.’ ಕೇಂಬ್ರಿಡ್ಜ್ ವಿಶ್ವವಿದ್ಯಾಲಯದ ಸಂಶೋಧನೆ. ಇದನ್ನು ತಡವರಿಸದೆ ಓದಿದರೆ ನಿಮ್ಮ ಬುದ್ಧಿ ಬಹಳ ಚುರುಕು. ಎಲ್ಲರಿಗೂ ಕಳಿಸಿ.

ಚಿಕ್ಕಮ್ಮ: ಅಯ್ಯೋ, ಒಂದೇ ಉಸಿರಿಗೆ ಓದಿಬಿಟ್ಟೆ!

ಮಾವ: ನಾನೂ. ಎಷ್ಟು ಸಲೀಸು ಅಲ್ವಾ.

ಭಾವ: ಪುಟ್ಟನ ಕೈಲಿ ಓದಿಸಿದೆ. ಮೊದಲ ಪದಕ್ಕೇ ನಿಂತ. ಮೂರನೇ ಕ್ಲಾಸ್ ಮುಗಿಯುತ್ತಾ ಬಂತು, ಇನ್ನೂ ಹೀಗೆ.

ದೊಡ್ಡಪ್ಪ: ಟ್ಯೂಷನ್‌ಗೆ ಹಾಕಿ. ಮೊಬೈಲ್ ಜಾಸ್ತಿ ಆಗಿರಬೇಕು.

ಅಕ್ಕ: ಅವನು ಅತ್ತು ಮಲಗಿದ್ದಾನೆ. ಸಾಕು ಬಿಡಿ.

ನಾನು: ಭಾವ, ಅವನು ಏನಂತ ಓದಿದ? ಅವನ ಬಾಯಲ್ಲಿ ಬಂದದ್ದನ್ನು ಹಾಗೇ ಬರೆಯಿರಿ.

ಭಾವ: ‘ಮ, ಷ್ಯ, ನು, ರ. ಹಾಗಂದ್ರೆ ಏನಪ್ಪಾ?’ ಅಂದ.

ನಾನು: ಹಾಗಾದರೆ ಅವನು ಸರಿಯಾಗೇ ಓದಿದ್ದಾನೆ! ಅಲ್ಲಿ ಬರೆದಿರುವುದು ಅದೇ. ಒತ್ತಕ್ಷರವನ್ನೂ ಬಿಡದೆ ಓದಿದ್ದಾನೆ, ಅರ್ಥ ಆಗದಿದ್ದಾಗ ಕೇಳಿದ್ದಾನೆ. ‘ಮನುಷ್ಯರ’ ಅಂತ ಓದಿದ್ದು ನಾವು, ಬರೆದಿಲ್ಲದ್ದನ್ನು. ಒಂದು, ಎರಡನೇ ಕ್ಲಾಸಿನ ಮಕ್ಕಳಿಗೆ ಓದು ಕಲಿಸುವವಳು ನಾನು. ಹೀಗೆ ಓದುವ ಮಗು ಸಿಕ್ಕರೆ ಖುಷಿಪಡುತ್ತೇನೆ.

ದೊಡ್ಡಪ್ಪ: ಇಷ್ಟು ಜನ ಓದಿದ್ದು ಸುಳ್ಳಾ? ಕೇಂಬ್ರಿಡ್ಜ್‌ನವರು ಸುಮ್ನೆ ಹೇಳುತ್ತಾರಾ?

ನಾನು: ಕೇಂಬ್ರಿಡ್ಜ್‌ನವರು ಹೇಳೇ ಇಲ್ಲ ದೊಡ್ಡಪ್ಪ. ಈ ಸಂದೇಶ ಇಂಗ್ಲಿಷ್‌ನಲ್ಲಿ 2003ರಲ್ಲಿ ಇಮೇಲ್‌ನಲ್ಲಿ ಓಡಾಡಿತು. ಆಗ ಕೇಂಬ್ರಿಡ್ಜ್‌ನಲ್ಲೇ ಭಾಷೆ ಮತ್ತು ಮೆದುಳಿನ ಬಗ್ಗೆ ಕೆಲಸ ಮಾಡುತ್ತಿದ್ದ ಮ್ಯಾಟ್ ಡೇವಿಸ್ ಎಂಬ ವಿಜ್ಞಾನಿಗೇ ಅಂಥ ಸಂಶೋಧನೆ ಗೊತ್ತಿರಲಿಲ್ಲ. ಅವರು ಹುಡುಕಿ, ಇದರಲ್ಲಿ ಯಾವುದು ಸರಿ, ಯಾವುದು ತಪ್ಪು ಅಂತ ಬಿಡಿಸಿ ಬರೆದರು. ಇದಕ್ಕೆ ಹತ್ತಿರದ ಕೆಲಸ ಇದ್ದದ್ದು ಗ್ರಹಾಂ ರಾಲಿನ್ಸನ್ ಅವರ 1976ರ ಪಿಎಚ್‌ಡಿಯಲ್ಲಿ. ಅದು ನಾಟಿಂಗ್‌ಹ್ಯಾಮ್ ವಿಶ್ವವಿದ್ಯಾಲಯದ್ದು.

ಈಗ ನೀವು ಕಳಿಸಿದ್ದನ್ನೇ ಎಣಿಸಿ. ಕದಲಿಸಿದ ಭಾಗದಲ್ಲಿ 13 ಪದ ಇವೆ. ಮೆದುಳು, ಕೆಲಸ, ಪದದ, ಮೊದಲ, ಅಕ್ಷರ, ಕೊನೆಯ, ಅಕ್ಷರ, ಸಾಕು. ಈ 8 ಹಾಗೇ ಇವೆ. ಎರಡು ಮೂರು ಅಕ್ಷರದ ಪದದಲ್ಲಿ ಕದಲಿಸಲು ಏನೂ ಇರುವುದಿಲ್ಲ. ಉಳಿದ 5ರಲ್ಲೂ ಪಕ್ಕಪಕ್ಕದ ಎರಡೇ ಅಕ್ಷರ ಜಾಗ ಬದಲಿಸಿವೆ. ಬರೆದವರು ನಮಗೆ ದಾರಿ ಮಾಡಿಕೊಟ್ಟೇ ಬರೆದಿದ್ದಾರೆ.

ತಮ್ಮ: ಆದರೂ ಮೆದುಳು ಇಡೀ ಪದವನ್ನು ಒಟ್ಟಿಗೆ ನೋಡುತ್ತದೆ ಅನ್ನುವುದು ನಿಜ ಅಲ್ವಾ? ಅಕ್ಷರ ಅಕ್ಷರ ಕೂಡಿಸಿ ಯಾರು ಓದುತ್ತಾರೆ?

ನಾನು: ಹಾಗಾದರೆ ಇದನ್ನು ಓದು. ಮೊದಲ ಅಕ್ಷರ, ಕೊನೆಯ ಅಕ್ಷರ ಎರಡೂ ಸರಿ ಇವೆ. ನಮ್ಮ ಜಿಲ್ಲೆಯದೇ ಊರು.

ಚಿಹಕಯನಾನಕ್ಕಳ್ಳಿ

ಮಾವ: ಚಿಹಕ... ಏನಿದು?

ಚಿಕ್ಕಮ್ಮ: ಚಿಕ್ಕಹಳ್ಳಿ?

ತಮ್ಮ: ತಡಿ ತಡಿ.

ತಮ್ಮ: ಚಿಕ್ಕನಾಯಕನಹಳ್ಳಿ! ಪೆನ್ನು ಹಿಡಿದು ಕೂತೆ.

ನಾನು: ಅದೇ ಹೆಸರನ್ನು ತುಮಕೂರು ಬಸ್ ಸ್ಟ್ಯಾಂಡಿನಲ್ಲಿ, ಧೂಳು ಹಿಡಿದ ಬೋರ್ಡಿನಲ್ಲಿ, ಅರ್ಧ ಅಕ್ಷರ ಅಳಿಸಿಹೋಗಿದ್ದರೂ ದೂರದಿಂದಲೇ ಹಿಡಿಯುತ್ತೀಯ. ಅಲ್ಲಿ ಅಕ್ಷರ ಕಾಣದಿದ್ದರೂ ಕ್ರಮ ಸರಿ ಇದೆ. ಆ ಬಸ್ ಸ್ಟ್ಯಾಂಡಿಗೆ ಬರುವ ಊರುಗಳು ಯಾವುವು ಅಂತ ನಿನಗೆ ಮೊದಲೇ ಗೊತ್ತು. ಕಣ್ಣು ಕೊಟ್ಟದ್ದು ಅರ್ಧ, ನೆನಪು ತುಂಬಿದ್ದು ಅರ್ಧ. ಫಾರ್ವರ್ಡ್‌ನಲ್ಲೂ ಹೀಗೇ. ‘ಮೆದುಳು’ ಕಂಡ ಕೂಡಲೇ ಹಿಂದಿನದು ‘ಮನುಷ್ಯರ’ ಅಂತ ಊಹೆ ಬಂತು. ಊರಿನ ಹೆಸರಿಗೆ ಅಂಥ ಆಸರೆ ಇರಲಿಲ್ಲ, ಎಲ್ಲರೂ ತಡವರಿಸಿದಿರಿ.

ಇಡೀ ಪದ ಒಟ್ಟಿಗೆ ಕಾಣುತ್ತದೆ ಅನ್ನುವುದರಲ್ಲಿ ಸತ್ಯ ಇದೆ. 1969ರಲ್ಲಿ ರೈಷರ್ ಎಂಬುವರು ತೋರಿಸಿದರು: ಕಣ್ಣು ಮಿಟುಕಿಸುವಷ್ಟರಲ್ಲಿ ಮಾಯವಾಗುವ ಅಕ್ಷರ ಒಂಟಿಯಾಗಿದ್ದಾಗಿನದಕ್ಕಿಂತ ಪದದೊಳಗೆ ಇದ್ದಾಗ ಚೆನ್ನಾಗಿ ಗುರುತು ಸಿಗುತ್ತದೆ. ಪದ ಅಕ್ಷರಕ್ಕೆ ನೆರವಾಗುತ್ತದೆ. ಆದರೆ ಅಕ್ಷರವೇ ಬೇಡ ಅಂತ ಅದರ ಅರ್ಥ ಅಲ್ಲ. 2006ರಲ್ಲಿ ರೇನರ್ ಮತ್ತು ಜೊತೆಗಾರರು ಇಂಗ್ಲಿಷ್ ಓದುಗರ ಕಣ್ಣಿನ ಚಲನೆ ಅಳೆದರು. ಪದದ ಮಧ್ಯದ ಅಕ್ಷರ ಕದಲಿಸಿದಾಗ ಓದುವ ವೇಗ ಸುಮಾರು ಶೇ 11 ಇಳಿಯಿತು. ಮೊದಲಿನವನ್ನು ಕದಲಿಸಿದಾಗ ಸುಮಾರು ಶೇ 36. ಸಲೀಸು ಅಂತ ನಮಗೆ ಅನ್ನಿಸುತ್ತದೆ ಅಷ್ಟೇ, ಮೆದುಳು ದುಡಿಯುತ್ತಲೇ ಇರುತ್ತದೆ.

ಭಾವ: ಸರಿ, ಒಪ್ಪಿದೆ. ಆದರೆ ಪಕ್ಕದ ಮನೆ ಹುಡುಗ, ಇವನ ಕ್ಲಾಸೇ, ಓದಿಬಿಟ್ಟನಲ್ಲ?

ನಾನು: ಅವನಿಗೆ ಆ ಪದಗಳು ಹೆಚ್ಚು ಸಲ ಕಣ್ಣಿಗೆ ಬಿದ್ದಿರಬಹುದು. ಬುದ್ಧಿಯ ಅಳತೆ ಅದಲ್ಲ. ಓದು ಕಲಿತವರ ಮೆದುಳಿನ ಎಡಭಾಗದಲ್ಲಿ, ಹಿಂದೆ ಕೆಳಗೆ, ಬರೆದ ಪದಗಳನ್ನು ಗುರುತಿಸುವ ಒಂದು ಜಾಗ ಪಳಗುತ್ತದೆ. ಸ್ಟಾನಿಸ್ಲಾಸ್ ದೆಹೆನ್ ಮತ್ತು ತಂಡ 2010ರಲ್ಲಿ ಬ್ರೆಜಿಲ್ ಮತ್ತು ಪೋರ್ಚುಗಲ್‌ನ ಜನರನ್ನು ಸ್ಕ್ಯಾನ್ ಮಾಡಿ ನೋಡಿತು. ದೊಡ್ಡವರಾದ ಮೇಲೆ ಓದು ಕಲಿತವರಲ್ಲೂ ಆ ಜಾಗ ಪಳಗಿತ್ತು. ಹುಟ್ಟುವಾಗ ತಂದದ್ದಲ್ಲ, ಓದಿ ಓದಿ ಬಂದದ್ದು.

ಕನ್ನಡದ ಮಗುವಿಗೆ ಇದಕ್ಕೆ ಜಾಸ್ತಿ ಸಮಯ ಬೇಕು. ಇಂಗ್ಲಿಷ್‌ಗೆ 26 ಅಕ್ಷರ. ನಮಗೆ ಕಾಗುಣಿತ, ಒತ್ತಕ್ಷರ ಸೇರಿದರೆ ನೂರಾರು ಆಕಾರ. ದ, ಧ ನಡುವೆ ಒಂದು ಸಣ್ಣ ಸೀಳು, ಪ, ಷ ನಡುವೆ ಒಂದು ಗೀಟು. ಸೋನಾಲಿ ನಾಗ್ ಅವರು ಕನ್ನಡ ಕಲಿಯುವ ಮಕ್ಕಳನ್ನೇ ಗಮನಿಸಿ 2007ರಲ್ಲಿ ಬರೆದಿದ್ದಾರೆ: ನಾಲ್ಕನೇ ಕ್ಲಾಸಿನಲ್ಲೂ ಅಕ್ಷರ ಕಲಿಕೆ ಮುಗಿದಿರುವುದಿಲ್ಲ. ಪುಟ್ಟ ಹಿಂದೆ ಬಿದ್ದಿಲ್ಲ ಭಾವ, ದಾರಿಯಲ್ಲೇ ಇದ್ದಾನೆ. ಆ ದಾರಿಯಲ್ಲಿರುವ ಮಗುವಿನ ಮುಂದೆ ಕೆಡಿಸಿದ ಪದ ಇಟ್ಟು ದಡ್ಡ ಅನ್ನುವುದು ನನಗೆ ಸಹಿಸಲು ಆಗುವುದಿಲ್ಲ.

ಅಕ್ಕ: ಹಾಗಾದರೆ ಏನು ಮಾಡಲಿ ಹೇಳು.

ನಾನು: ಅವನಿಗೆ ಇಷ್ಟವಾದ ಕಥೆಯನ್ನೇ ಮತ್ತೆ ಮತ್ತೆ ಓದಿಸು. ಬೇಜಾರಾಗುವುದು ನಮಗೆ, ಅವರಿಗಲ್ಲ. ತುಮಕೂರಿಗೆ ಹೋಗುವಾಗ ಅಂಗಡಿ ಬೋರ್ಡು ಓದಲಿ. ತಪ್ಪಿದರೆ ನೀನೇ ಹೇಳಿ ಮುಂದೆ ಹೋಗು.

ತಮ್ಮ: ಎಲ್ಲ ಭಾಷೆಯಲ್ಲೂ ಈ ಆಟ ನಡೆಯುತ್ತಾ?

ನಾನು: ಇಲ್ಲ. ಹೀಬ್ರೂನಲ್ಲಿ ಕೆಡುತ್ತದೆ. ವೆಲಾನ್ ಮತ್ತು ಫ್ರಾಸ್ಟ್ 2007ರಲ್ಲಿ ಎರಡೂ ಭಾಷೆ ಬಲ್ಲವರಿಗೇ ಓದಿಸಿ ನೋಡಿದರು. ಇಂಗ್ಲಿಷ್ ಹೇಗೋ ಸಾಗಿತು, ಹೀಬ್ರೂನಲ್ಲಿ ಓದು ಕುಸಿಯಿತು. ಅಲ್ಲಿ ಬಹಳಷ್ಟು ಪದಗಳು ಮೂರು ವ್ಯಂಜನಗಳ ಬೇರಿನಿಂದ ಹುಟ್ಟುತ್ತವೆ, ಅವುಗಳ ಕ್ರಮ ತಪ್ಪಿದರೆ ಬೇರೆಯೇ ಪದ.

ದೊಡ್ಡಪ್ಪ: ನೋಡಮ್ಮ, ಓದೋಕೆ ಮಜಾ ಇದೆ, ಡಿಲೀಟ್ ಮಾಡಲ್ಲ. ‘ಬುದ್ಧಿ ಚುರುಕು’ ಅನ್ನುವ ಸಾಲು ತೆಗೆದು ವಾಕಿಂಗ್ ಗುಂಪಿಗೆ ಕಳಿಸುತ್ತೇನೆ.

ನಾನು: ಕೇಂಬ್ರಿಡ್ಜ್ ಹೆಸರನ್ನೂ ತೆಗೆಯಿರಿ.

ದೊಡ್ಡಪ್ಪ: ಆಯ್ತು. ನಾಟಿಂಗ್‌ಹ್ಯಾಮ್ ಅಂತ ಹಾಕಲಾ?