ಅಪ್‌ಡೇಟ್: ಅಪ್ಪಾಜಿ ಬಯಾಪ್ಸಿಗೆ ಒಪ್ಪಿದ್ರು

ಅಪ್ಪಾಜಿಗೆ 68, ಪಿಎಸ್‌ಎ (ಪ್ರಾಸ್ಟೇಟ್ ಗ್ರಂಥಿಗೆ ಮಾಡೋ ರಕ್ತ ಪರೀಕ್ಷೆ) 4.8 ಇದ್ದದ್ದು 7.1 ಆಗಿದೆ, ಬಯಾಪ್ಸಿ, ಅಂದ್ರೆ ಸೂಜಿಲಿ ಗ್ರಂಥಿಯ ಚೂರು ತೆಗೆದು ಪರೀಕ್ಷೆ ಮಾಡೋದು, ಬೇಕಾ ಅಂತ ಹಿಂದೆ ಇಲ್ಲಿ ಕೇಳಿದ್ನಲ್ಲ. ಇನ್ಫೆಕ್ಷನ್ ಇದ್ರೂ ಏರುತ್ತೆ, ಯೂರಿನ್ ಕಲ್ಚರ್ ಮಾಡ್ಸಿ ಅಂದಿದ್ರಿ, ಮಾಡಿಸಿದ್ವಿ, ಏನೂ ಇರ್ಲಿಲ್ಲ, ಕೆಲವು ವಾರ ಬಿಟ್ಟು ಅದೇ ಲ್ಯಾಬಲ್ಲಿ ನೋಡಿದ್ರೆ 7.9. ದಾವಣಗೆರೆಲೇ ಯೂರಾಲಜಿ ಡಾಕ್ಟ್ರು ಮೊದ್ಲು ಎಂಆರ್‌ಐ ಮಾಡ್ಸಿ ಅಂದ್ರು, ಪೈ-ರ್‍ಯಾಡ್ಸ್ (ಎಂಆರ್‌ಐಲಿ ಕ್ಯಾನ್ಸರ್ ಅನುಮಾನ ಎಷ್ಟು ಅಂತ ಕೊಡೋ ಅಂಕ) 4 ಬಂತು, 5ಕ್ಕೆ 4 ಅಂದ್ರೆ ಅನುಮಾನ ಜಾಸ್ತಿನೇ, ಆದ್ರೆ ಕ್ಯಾನ್ಸರ್ ಹೌದೋ ಅಲ್ವೋ ಬಯಾಪ್ಸಿಲೇ ಗೊತ್ತಾಗೋದು. ಸೂಜಿ ಚುಚ್ಚಿದ್ರೆ ಹರಡುತ್ತೆ ಅಂತ ದೊಡ್ಡಪ್ಪ ಹೆದರಿಸಿದ್ರು, ಅಪ್ಪಾಜಿನೂ ಅಡಿಕೆ ಕೊಯ್ಲು ಮುಗೀಲಿ ಅಂತ ಮುಂದೂಡ್ತಾನೇ ಇದ್ರು. ಸೂಜಿಯಿಂದ ಹರಡೋದು ತೀರಾ ಅಪರೂಪ ಅಂತ ಡಾಕ್ಟ್ರು ಕೂರಿಸ್ಕೊಂಡು ಬಿಡಿಸಿ ಹೇಳಿದ್ಮೇಲೆ ಒಪ್ಪಿದ್ರು, ನಂಗೆ ಅಷ್ಟೇ ಸಾಕಾಗಿತ್ತು. ಬರೋ ಗುರುವಾರ ಬಯಾಪ್ಸಿ, ರಕ್ತ ತೆಳು ಮಾಡೋ ಮಾತ್ರೆ ಡಾಕ್ಟ್ರನ್ನ ಕೇಳಿಯೇ ನಿಲ್ಸಿದೀವಿ. ಮಾಡಿಸ್ಕೊಂಡೋರು ಇದ್ರೆ ಆಮೇಲೆ ಮೂತ್ರದಲ್ಲಿ ರಕ್ತ ಎಷ್ಟು ದಿನ ಬರ್ತಿತ್ತು ಹೇಳ್ರಪ್ಪ.