ಸಣ್ಣ ಮೀನುದೋಣಿಯಲ್ಲಿ ಜೊತೆಗಾರರು ಎಲ್ಲಿ ಕೂರಬೇಕು? ದೋಣಿ ತರಬೇತುದಾರರೊಂದಿಗೆ ಪ್ರಶ್ನೋತ್ತರ

ಗುಂಪಿನ ನಿರ್ವಾಹಕರು: ಶರಾವತಿ ಹಿನ್ನೀರಿನಲ್ಲಿಯೂ ತುಂಗೆಯಲ್ಲಿಯೂ ಹಲವು ವರ್ಷ ದೋಣಿ ನಡೆಸಲು ಕಲಿಸಿ, ನೀರಿಗೆ ಬಿದ್ದವರನ್ನು ಮೇಲೆತ್ತುವ ಕೆಲಸವನ್ನೂ ಮಾಡಿರುವ ತರಬೇತುದಾರರು ಇಂದು ಸಂಜೆ ನಮ್ಮೊಂದಿಗಿದ್ದಾರೆ. ಮೀನು ಹಿಡಿಯುವ ಸಣ್ಣ ದೋಣಿಯಲ್ಲಿ ಜೊತೆಗೆ ಬಂದವರನ್ನು ಎಲ್ಲಿ ಕೂರಿಸಬೇಕು ಎಂಬುದಷ್ಟೇ ಇಂದಿನ ವಿಷಯ. ಬೇರೆ ಗುಂಪುಗಳಿಂದ ಬಂದ ಸಂದೇಶಗಳನ್ನು ದಯವಿಟ್ಟು ಇಲ್ಲಿಗೆ ತಂದು ಹಾಕಬೇಡಿ.

ಹಸಿರುಮಕ್ಕಿಯ ಸದಸ್ಯರು: ನಮಸ್ಕಾರ ಸರ್. ನನ್ನದು 14 ಅಡಿಯ ಫೈಬರ್ ದೋಣಿ. ಹಿಂದೆ ಕುಳಿತು ಒಂದೇ ಹುಟ್ಟು ಹಾಕುತ್ತೇನೆ. ಒಬ್ಬನೇ ಬಲೆ ಬಿಡಲು ಹೋದಾಗ ತೊಂದರೆಯಿಲ್ಲ. ಭಾವ ಜೊತೆಗೆ ಬಂದು ಮುಂದಿನ ತುದಿಯಲ್ಲಿ ಕುಳಿತರೆ ದೋಣಿ ನೇರವಾಗಿ ಹೋಗದೆ ಅತ್ತಿತ್ತ ತಿರುಗುತ್ತದೆ. ಅವರು ನನಗಿಂತ ದಪ್ಪ.

ತರಬೇತುದಾರರು: ನಮಸ್ಕಾರ. ನಿಮ್ಮ ಭಾವನವರ ಭಾರಕ್ಕೆ ದೋಣಿಯ ಮೂತಿ ನೀರಿನಲ್ಲಿ ಆಳವಾಗಿ ಕೂರುತ್ತದೆ, ಹಿಂಭಾಗ ಹಗುರಾಗಿ ಮೇಲೇಳುತ್ತದೆ. ಆಗ ಮುಂಭಾಗವೇ ನೀರನ್ನು ಕಚ್ಚಿ ಹಿಡಿಯುವುದರಿಂದ ಹಿಂಭಾಗ ಬಾಲದಂತೆ ಬೀಸುತ್ತದೆ, ನೀವು ಎಷ್ಟು ಹುಟ್ಟು ಹಾಕಿದರೂ ದಾರಿ ತಪ್ಪುತ್ತದೆ. ಅವರನ್ನು ತುದಿಯಿಂದ ಹಿಂದಕ್ಕೆ ಸರಿಸಿ, ನಡುವಿಗಿಂತ ಸ್ವಲ್ಪವೇ ಮುಂದೆ, ಎರಡೂ ಬದಿಗೆ ಸಮದೂರದಲ್ಲಿ ಕೂರಿಸಿ. ಹಿಂಭಾಗ ಎರಡು ಬೆರಳಿನಷ್ಟು ತಗ್ಗಿದ್ದರೆ ದೋಣಿ ಚೆನ್ನಾಗಿ ಮಾತು ಕೇಳುತ್ತದೆ. ನೀವು ನಡುವೆ ಕುಳಿತು ಎರಡು ಹುಟ್ಟು ಎಳೆಯುವವರಾಗಿದ್ದರೆ ಲೆಕ್ಕವೇ ಬೇರೆ: ಆಗ ಜೊತೆಗಾರರ ಜಾಗ ಹಿಂದಿನ ಹಲಗೆ. ಜೊತೆಗಾರರನ್ನು ಕೂರಿಸುವ ಮೊದಲು ಹುಟ್ಟು ಹಾಕುವವರು ಎಲ್ಲಿ ಕೂರುತ್ತಾರೆ ಎಂಬುದನ್ನು ನೋಡಬೇಕು.

ಸಾಗರದ ಸದಸ್ಯರು: ಸರ್, ಮುಂದೆ ಕೂರಬಹುದೇ?

ತರಬೇತುದಾರರು: ಮೇಲೆ ಬರೆದಿದ್ದೇನೆ.

ಲಕ್ಕವಳ್ಳಿಯ ಸದಸ್ಯರು: ಔಟ್‌ಬೋರ್ಡ್ ಎಂಜಿನ್ ಇದ್ದರೆ?

ತರಬೇತುದಾರರು: ಎಂಜಿನ್ ಮತ್ತು ಅದನ್ನು ನಡೆಸುವವರು ಇಬ್ಬರೂ ಹಿಂದೆಯೇ ಇರುವುದರಿಂದ ಜೊತೆಗಾರರು ನಡುವಿಗಿಂತ ಮುಂದೆ, ಹಲಗೆಯ ಮೇಲೆ ಕೂರಬೇಕು. ಮೂತಿಯ ಮೇಲೆ ಕುಳಿತು ಕಾಲು ಇಳಿಬಿಡುವುದು ಖಂಡಿತ ಬೇಡ. ದೋಣಿ ಒಮ್ಮೆ ಕುಕ್ಕಿದರೆ ಅವರು ಮುಂದಕ್ಕೆ ಬೀಳುತ್ತಾರೆ, ದೋಣಿ ಅವರ ಮೇಲೆಯೇ ಹಾಯುತ್ತದೆ, ಹಿಂದೆ ಎಂಜಿನ್‌ನ ರೆಕ್ಕೆ ತಿರುಗುತ್ತಿರುತ್ತದೆ. ಎಂಜಿನ್ ನಿಲ್ಲಿಸುವ ಸುರುಳಿ ದಾರ ನಡೆಸುವವರ ಮೈಗೆ ಸಿಕ್ಕಿಸಿಕೊಂಡಿರಲಿ.

ಹೊಸನಗರದ ಸದಸ್ಯೆ: ಬುಟ್ಟಿಯಂಥ ದುಂಡು ತೆಪ್ಪದಲ್ಲಿ ಹೇಗೆ ಕೂರಬೇಕು? ಅದಕ್ಕೆ ಹಿಂದೆ ಮುಂದೆ ಎಂಬುದೇ ಇಲ್ಲವಲ್ಲ.

ತರಬೇತುದಾರರು: ಹುಟ್ಟು ಹಾಕುವವರು ಯಾವ ಅಂಚಿನಲ್ಲಿ ಮಂಡಿಯೂರಿ ನೀರನ್ನು ತಮ್ಮತ್ತ ಎಳೆಯುತ್ತಾರೋ ಅದೇ ಮುಂದು. ಜೊತೆಗಾರರು ಅವರ ಎದುರಿನ ಅಂಚಿಗೆ ಬೆನ್ನು ಕೊಟ್ಟು ತಳದಲ್ಲಿಯೇ ಕೂರಬೇಕು. ಇಬ್ಬರಿದ್ದರೆ ಎಡಕ್ಕೊಬ್ಬರು, ಬಲಕ್ಕೊಬ್ಬರು. ಫೋಟೊಕ್ಕಾಗಿ ಎಲ್ಲರೂ ಒಂದೇ ಅಂಚಿಗೆ ಸರಿದರೆ ತೆಪ್ಪ ಮಗುಚುತ್ತದೆ.

ಕರೂರು ಹೋಬಳಿಯ ಸದಸ್ಯೆ: ಸರ್, ನಮ್ಮ ತಂದೆಗೆ 74 ವರ್ಷ, ಸುಮಾರು 90 ಕಿಲೊ ತೂಕ. ಬಲ ಮೊಣಕಾಲು ಮಡಚಲು ಬರುವುದಿಲ್ಲ. ಆಚೆ ದಡದ ತೋಟದ ಮನೆಗೂ ಆಸ್ಪತ್ರೆಗೂ ಹೋಗಿಬರಲು ನನ್ನ ತಮ್ಮ ತನ್ನ ಮೀನುದೋಣಿಯಲ್ಲಿಯೇ ಕರೆದೊಯ್ಯುತ್ತಾನೆ. ಸೇತುವೆ ಆಗಿದೆ, ಆದರೆ ನಮ್ಮ ಮನೆಯಿಂದ ಅಲ್ಲಿಗೆ ಬಹಳ ಬಳಸಬೇಕು. ತಮ್ಮ 55 ಕಿಲೊ ಇದ್ದಾನೆ, ಹಿಂದೆ ಕುಳಿತು ಹುಟ್ಟು ಹಾಕುತ್ತಾನೆ. ಅಪ್ಪನಿಗೆ ಕೆಳಗೆ ಕೂರಲು ಕಷ್ಟವೆಂದು ದೋಣಿಯ ನಡುವೆ ಪ್ಲಾಸ್ಟಿಕ್ ಕುರ್ಚಿ ಇಟ್ಟು, ಜಾರದಿರಲಿ ಎಂದು ಸೊಂಟಕ್ಕೆ ಬೈರಾಸು ಸುತ್ತಿ ಕುರ್ಚಿಗೆ ಕಟ್ಟುತ್ತೇವೆ. ಲೈಫ್ ಜಾಕೆಟ್ ಹಾಕುತ್ತೇವೆ, ಅದರ ಮೇಲೆ ಮಳೆಗೆ ಕಂಬಳಿ ಕೊಪ್ಪೆ. ಕೆಲವೊಮ್ಮೆ ಮೊಮ್ಮಗ ತೊಡೆಯ ಮೇಲೆ ಕೂರುತ್ತಾನೆ. ಇದು ಸರಿಯೇ?

ತರಬೇತುದಾರರು: ತಂಗಿ, ಉಳಿದ ಪ್ರಶ್ನೆಗಳು ಕಾಯಲಿ, ಮೊದಲು ನಿಮಗೆ ಉತ್ತರಿಸುತ್ತೇನೆ. ಆ ಬೈರಾಸಿನ ಕಟ್ಟನ್ನು ಇಂದೇ ಬಿಚ್ಚಿ, ಇನ್ನೆಂದೂ ಕಟ್ಟಬೇಡಿ. ದೋಣಿ ಮಗುಚಿದರೆ ಕಟ್ಟಿದ ಮನುಷ್ಯ ಕುರ್ಚಿಯೊಂದಿಗೇ ದೋಣಿಯ ಅಡಿಗೆ ಸಿಕ್ಕಿಕೊಳ್ಳುತ್ತಾನೆ, ಲೈಫ್ ಜಾಕೆಟ್ ಅವನನ್ನು ಮೇಲೆ ತರಲಾರದು. ನೀರಿನಲ್ಲಿ ನೆನೆದು ಬಿಗಿದ ಗಂಟನ್ನು ತಣ್ಣಗಾದ ಕೈಗಳಿಂದ ಬಿಚ್ಚುವುದು ಎಷ್ಟು ಕಷ್ಟವೆಂಬುದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಎರಡನೆಯದು ಕುರ್ಚಿ. ದೋಣಿ 80 ಕಿಲೊ ಇರಬಹುದೆಂದು ಇಟ್ಟುಕೊಂಡರೆ ತಂದೆ, ಮಗ, ದೋಣಿ ಸೇರಿ 225 ಕಿಲೊ ಆಯಿತು. ಅದರಲ್ಲಿ 90 ಕಿಲೊ ಭಾರವನ್ನು ತಳದಿಂದ 40 ಸೆಂಟಿಮೀಟರ್ ಮೇಲಕ್ಕೆ ಎತ್ತಿದರೆ ಇಡೀ ದೋಣಿಯ ಭಾರದ ಕೇಂದ್ರ 16 ಸೆಂಟಿಮೀಟರ್ ಮೇಲೇರುತ್ತದೆ, ಅಂದರೆ ಮುಕ್ಕಾಲು ಗೇಣು. ಅಗಲ ಕಡಿಮೆಯಿರುವ ದೋಣಿಗೆ ಇದು ಬಹಳ ದೊಡ್ಡ ವ್ಯತ್ಯಾಸ. ತಳದಲ್ಲಿ ಕುಳಿತವರು ವಾಲಿದರೆ ದೋಣಿ ತೂಗಿ ಮತ್ತೆ ನೆಟ್ಟಗಾಗುತ್ತದೆ; ಕುರ್ಚಿಯಲ್ಲಿ ಕುಳಿತವರು ವಾಲಿದರೆ ಅವರ ಭಾರವೇ ದೋಣಿಯನ್ನು ಇನ್ನಷ್ಟು ವಾಲಿಸುತ್ತದೆ. ಮೇಲಾಗಿ ಒದ್ದೆ ತಳದಲ್ಲಿ ಪ್ಲಾಸ್ಟಿಕ್ ಕಾಲು ಜಾರುತ್ತದೆ.

ಹಾಗಾದರೆ ಎಲ್ಲಿ ಕೂರಿಸುವುದು? ತಕ್ಕಡಿಯಂತೆ ಯೋಚಿಸಿ. ತಮ್ಮ ನಡುವಿನಿಂದ 5 ಅಡಿ ಹಿಂದೆ ಕೂರುತ್ತಾನೆಂದರೆ, ತಂದೆ ನಡುವಿನಿಂದ 3 ಅಡಿ ಮುಂದೆ ಕೂತಾಗ ದೋಣಿ ಸರಿಸುಮಾರು ಮಟ್ಟವಾಗುತ್ತದೆ. ನಮಗೆ ಹಿಂಭಾಗ ತುಸು ತಗ್ಗಿರಬೇಕಾದ್ದರಿಂದ ಎರಡೂವರೆ ಅಡಿ ಸಾಕು. ಅಲ್ಲಿ ಒಣಹುಲ್ಲು ತುಂಬಿ ಹೊಲಿದ ಗೋಣಿಚೀಲ ಹಾಸಿ, ಅಡ್ಡಹಲಗೆಗೆ ಬೆನ್ನು ಕೊಟ್ಟು, ಮಡಚದ ಕಾಲನ್ನು ದೋಣಿಯ ಉದ್ದಕ್ಕೆ ಮೂತಿಯತ್ತ ಚಾಚಿ ಕೂರಲಿ. ಹತ್ತುವಾಗ ದೋಣಿಯನ್ನು ದಡಕ್ಕೆ ತಾಗಿಸಿ ಇಬ್ಬರು ನೀರಿನಲ್ಲಿ ನಿಂತು ಎರಡೂ ಬದಿ ಹಿಡಿಯಬೇಕು. ಅವರು ಅಂಚಿನ ಮೇಲೆ ಕಾಲಿಡದೆ ಮೊದಲು ಅಡ್ಡಹಲಗೆಯ ಮೇಲೆ ಕುಳಿತು, ಅಲ್ಲಿಂದ ಕೈಯೂರಿ ಕೆಳಕ್ಕೆ ಜಾರಲಿ. ಏಳುವಾಗಲೂ ಹಾಗೆಯೇ ಹಲಗೆಗೆ ಏರಲಿ, ಒಮ್ಮೆಲೇ ಎದ್ದು ನಿಲ್ಲುವುದು ಬೇಡ. ತಳದಲ್ಲಿ ಕೂರಲು ಸಾಧ್ಯವೇ ಇಲ್ಲದಿದ್ದರೆ ದೋಣಿಗೆ ಬೆಸೆದ ಅಡ್ಡಹಲಗೆಯ ನಡುವೆ ಕೂರಬಹುದು, ಆದರೆ ಗಾಳಿ ಬೀಸುವ ಮಧ್ಯಾಹ್ನ ಬೇಡ.

ಕೊಪ್ಪೆ ನೆನೆದರೆ ಬಹಳ ಭಾರವಾಗುತ್ತದೆ, ಕೈಗಳನ್ನು ಒಳಗೇ ಸಿಕ್ಕಿಸುತ್ತದೆ. ಮಳೆಯಿದ್ದರೆ ತೆಳುವಾದ ಅಂಗಿ ಒಳಗಿರಲಿ, ಲೈಫ್ ಜಾಕೆಟ್ ಎಲ್ಲಕ್ಕಿಂತ ಹೊರಗಿರಲಿ. ಮಗುವನ್ನು ತೊಡೆಯ ಮೇಲೆ ಕೂರಿಸಬೇಡಿ. ಆ ಪ್ರಯಾಣದಲ್ಲಿ ಮಗುವೇ ಬೇಡ. ಅಪ್ಪನಿಗೆ ಈಜು ಬರುತ್ತದೆಯೇ ಎಂಬುದನ್ನು ತಿಳಿಸಿ.

ತುಮರಿಯ ಸದಸ್ಯರು: ದೋಣಿ ಅಲುಗಾಡದಿರಲು ತಳದಲ್ಲಿ ನಾಲ್ಕು ದೊಡ್ಡ ಕಲ್ಲು ಇಟ್ಟರೆ ಯಾರು ಎಲ್ಲಿ ಬೇಕಾದರೂ ಕೂರಬಹುದು ಎಂದು ಒಂದು ಸಂದೇಶ ಬಂದಿದೆ. ಹಾಕಲೇ?

ತರಬೇತುದಾರರು: ಹಾಕಬೇಡಿ. ಕಟ್ಟದ ಕಲ್ಲು ದೋಣಿ ವಾಲಿದ ಕಡೆಗೇ ಉರುಳುತ್ತದೆ. ದೋಣಿಯ ಅಂಚು ಆ ಭಾರಕ್ಕೆ ಆಗಲೇ ನೀರಿಗೆ ಹತ್ತಿರ ಬಂದಿರುತ್ತದೆ.

ಮಂಡಗದ್ದೆಯ ಸದಸ್ಯರು: ಕ್ಷಮಿಸಿ, ಮುಂದೆ ಕೂರಬಾರದೆಂಬುದನ್ನು ನಾನು ಒಪ್ಪುವುದಿಲ್ಲ. ತುಂಗೆಯಲ್ಲಿ ಬಂಡೆಗಳಿವೆ. ನಮ್ಮ ಅಜ್ಜನ ಕಾಲದಿಂದಲೂ ಒಬ್ಬರು ಮುಂದೆ ಕುಳಿತು ಬಂಡೆ ನೋಡಿ ಹೇಳುವುದು ವಾಡಿಕೆ.

ತುಮರಿಯ ಸದಸ್ಯರು: ಹೊಳೆಯ ವಾಡಿಕೆ ಹಿನ್ನೀರಿಗೆ ಹೊಂದುವುದಿಲ್ಲ. ಇಲ್ಲಿ ಗಾಳಿಗೆ ಏಳುವ ಅಲೆ ನೋಡಿದ್ದೀರಾ? ಮುಂದೆ ಭಾರವಿದ್ದರೆ ಮೂತಿ ಅಲೆಯೊಳಗೇ ನುಗ್ಗುತ್ತದೆ.

ಮಂಡಗದ್ದೆಯ ಸದಸ್ಯರು: ನಿಮ್ಮಲ್ಲಿಯೂ ನೀರಿನಡಿ ಮರದ ಬೊಡ್ಡೆಗಳಿವೆ. ಅವನ್ನು ನೋಡುವವರು ಯಾರು?

ತುಮರಿಯ ಸದಸ್ಯರು: ನಾವು ಹುಟ್ಟಿದಾಗಿನಿಂದ ನೋಡುತ್ತಿರುವ ಬೊಡ್ಡೆಗಳು ಅವು. ನೀವು ಬಂದು ತೋರಿಸಬೇಕಾಗಿಲ್ಲ.

ಮಂಡಗದ್ದೆಯ ಸದಸ್ಯರು: ಹಾಗಾದರೆ ವರ್ಷವರ್ಷವೂ ದೋಣಿಯ ತಳ ಒಡೆಯುವುದು ಯಾರದ್ದು ಮಾರಾಯರೇ?

ತರಬೇತುದಾರರು: ಇಬ್ಬರೂ ನಿಲ್ಲಿಸಿ. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಆದಾಗ ಕಾಡು ನಿಂತಲ್ಲಿಯೇ ಮುಳುಗಿತು. ಜಲಾಶಯ ಸಮುದ್ರಮಟ್ಟದಿಂದ 1819 ಅಡಿಯ ಪೂರ್ಣ ಮಟ್ಟದಲ್ಲಿದ್ದಾಗ ಆಳದಲ್ಲಿರುವ ಬೊಡ್ಡೆ, ನೀರು ಇಳಿಯತೊಡಗಿದ ತಿಂಗಳುಗಳಲ್ಲಿ ಮೇಲ್ಮೈಯಿಂದ ಒಂದು ಗೇಣು ಕೆಳಗೆ ಅಡಗಿರುತ್ತದೆ. ತಲೆ ಹೊರಗೆ ಕಾಣುವ ಬೊಡ್ಡೆಗಿಂತ ಇದೇ ಹೆಚ್ಚು ಅಪಾಯಕಾರಿ. ಅಂಥ ಕಡೆ ಒಬ್ಬರು ಮುಂದಿದ್ದು ನೋಡುವುದು ಸರಿಯೇ. ಆದರೆ ಅವರು ಹಗುರಾದವರಾಗಿರಬೇಕು, ತುದಿಯಿಂದ ಒಂದು ಮಾರು ಹಿಂದೆ ತಗ್ಗಿ ಕೂರಬೇಕು, ದೋಣಿ ನಿಧಾನವಾಗಿ ಸಾಗಬೇಕು. ಗಾಳಿ ಎದ್ದ ಕೂಡಲೇ ಅವರು ನಡುವಿಗೆ ಬರಬೇಕು. ಬರುವಾಗ ತಗ್ಗಿ, ಎರಡೂ ಅಂಚನ್ನು ಹಿಡಿದು ಸರಿಯಬೇಕು.

ಸೊರಬದ ಸದಸ್ಯರು: ಸರ್, ನಮ್ಮ ನಾಯಿಯೂ ದೋಣಿಗೆ ಬರುತ್ತದೆ. ಅದನ್ನು ಎಲ್ಲಿ ಕೂರಿಸಬೇಕು?

ಹಸಿರುಮಕ್ಕಿಯ ಸದಸ್ಯರು: ಬಲೆ ಎಳೆಯುವಾಗ ನಾನು ಒಂದು ಬದಿಗೆ ಬಾಗುತ್ತೇನೆ. ಆಗ ಭಾವ ಸಹಾಯಕ್ಕೆಂದು ನನ್ನ ಪಕ್ಕಕ್ಕೇ ಬರುತ್ತಾರೆ.

ತರಬೇತುದಾರರು: ಒಳ್ಳೆಯ ಪ್ರಶ್ನೆ. ಸಹಾಯ ಮಾಡುವ ಆತುರದಿಂದಲೇ ಹಲವು ದೋಣಿಗಳು ಮಗುಚಿವೆ. ನೀವು ಬಾಗಿದ ಬದಿಗೆ ನಿಮ್ಮ ಭಾರ, ಒದ್ದೆ ಬಲೆಯ ಎಳೆತ, ಮೀನಿನ ಭಾರ ಎಲ್ಲವೂ ಬಿದ್ದಿರುತ್ತವೆ. ಭಾವನವರು ಎದುರು ಬದಿಗೆ ಸರಿದು ಕುಳಿತೇ ಇರಲಿ, ಅದೇ ಅವರು ಮಾಡುವ ಸಹಾಯ. ಬಲೆ ಯಾವುದಾದರೂ ಬೊಡ್ಡೆಗೆ ಸಿಕ್ಕಿ ಬಿಗಿದಿದ್ದು ಒಮ್ಮೆಲೇ ಬಿಟ್ಟುಕೊಂಡರೆ ದೋಣಿ ಅವರ ಕಡೆಗೆ ತೂಗುತ್ತದೆ. ಆದ್ದರಿಂದ ಅವರು ಅಂಚಿನ ಮೇಲೆ ಕೂರದೆ ತಳದಲ್ಲಿರಬೇಕು. ಬಲೆಯನ್ನು ಪಕ್ಕದಿಂದ ಎಳೆಯುವುದಕ್ಕಿಂತ ಮೂತಿಯ ಕಡೆಯಿಂದ ಎಳೆಯುವುದು ಉತ್ತಮ.

ಶಿವಮೊಗ್ಗದ ಸದಸ್ಯರು: ಮಕ್ಕಳ ಅಳತೆಯ ಲೈಫ್ ಜಾಕೆಟ್ ಶಿವಮೊಗ್ಗದಲ್ಲಿ ಎಲ್ಲಿ ಸಿಗುತ್ತದೆ?

ಸಾಗರದ ಸದಸ್ಯರು: ಇದು ಎಲ್ಲರಿಗೂ ಉಪಯೋಗವಾಗುತ್ತದೆಂದು ಹಾಕುತ್ತಿದ್ದೇನೆ: «ಮುಳುಗಿದವರನ್ನು ಉಪ್ಪಿನ ರಾಶಿಯಲ್ಲಿ ಮುಚ್ಚಿಟ್ಟರೆ ಉಪ್ಪು ನೀರನ್ನು ಹೀರಿ ಜೀವ ಮರಳುತ್ತದೆ. ಎಲ್ಲರಿಗೂ ತಿಳಿಸಿ.»

ತರಬೇತುದಾರರು: ಇದನ್ನು ಕೂಡಲೇ ಅಳಿಸಿ. ಉಪ್ಪು ಯಾರಿಗೂ ಜೀವ ಕೊಡುವುದಿಲ್ಲ. ಉಸಿರು ನಿಂತ ಕೆಲವೇ ನಿಮಿಷಗಳಲ್ಲಿ ಮಿದುಳು ಹಾಳಾಗತೊಡಗುತ್ತದೆ, ನೀವು ಆ ನಿಮಿಷಗಳನ್ನು ಉಪ್ಪಿನ ಮೂಟೆ ಹೊರುವುದರಲ್ಲಿ ಕಳೆಯುತ್ತೀರಿ. ಹೊಟ್ಟೆ ಒತ್ತಿ ನೀರು ತೆಗೆಯುವುದೂ ಬೇಡ. ವಾಂತಿ ಶ್ವಾಸಕೋಶಕ್ಕೆ ಹೋಗುತ್ತದೆ. ಉಸಿರಿಲ್ಲವೆಂದರೆ ಮೊದಲು ಬಾಯಿಗೆ ಬಾಯಿಟ್ಟು ಉಸಿರು ಕೊಡಿ. ನಂತರ ಎದೆಯ ನಡುವೆ ನಿಮಿಷಕ್ಕೆ 100ರಿಂದ 120ರ ವೇಗದಲ್ಲಿ 30 ಸಲ ಒತ್ತಿ 2 ಸಲ ಉಸಿರು ಕೊಡುತ್ತಾ ಮುಂದುವರಿಸಿ. ಇನ್ನೊಬ್ಬರು 108ಕ್ಕೆ ಕರೆ ಮಾಡಲಿ.

ಸಾಗರದ ಸದಸ್ಯರು: ನಮ್ಮ ಕಡೆ ಒಬ್ಬರು ಹೀಗೆಯೇ ಬದುಕಿದರೆಂದು ಕೇಳಿದ್ದೇನೆ. ನಂಬಿಕೆಯಿಂದ ಹಾಕಿದೆ. ಇಷ್ಟು ಕಟುವಾಗಿ ಹೇಳುವ ಅಗತ್ಯವಿರಲಿಲ್ಲ.

ತರಬೇತುದಾರರು: ಅಗತ್ಯವಿತ್ತು. ಅಳಿಸಿ.

ಮಂಡಗದ್ದೆಯ ಸದಸ್ಯರು: ನಿರ್ವಾಹಕರೇ, ಮೊದಲೇ ಹೇಳಿದ್ದಿರಿ, ಆದರೂ ಹಾಕಿದವರನ್ನು ಸುಮ್ಮನೆ ಬಿಟ್ಟಿದ್ದೀರಿ.

ಸಾಗರದ ಸದಸ್ಯರು: ತಾವು ಬಂಡೆ ನೋಡಿಕೊಳ್ಳಿ.

ಗುಂಪಿನ ನಿರ್ವಾಹಕರು: ಆ ಸಂದೇಶವನ್ನು ತೆಗೆದಿದ್ದೇನೆ. ವಿಷಯಕ್ಕೆ ಬನ್ನಿ.

ಭದ್ರಾವತಿಯ ಸದಸ್ಯರು: ಈಗಷ್ಟೇ ಸೇರಿದೆ. ಜೊತೆಗಾರರು ಮುಂದೆ ಕೂರಬಹುದೇ?

ತರಬೇತುದಾರರು: ಮೇಲಿನಿಂದ ಓದಿ.

ಕರೂರು ಹೋಬಳಿಯ ಸದಸ್ಯೆ: ಸರ್, ಅಪ್ಪನಿಗೆ ಈಜು ಬರುತ್ತದೆ, ಆದರೆ ಕಾಲು ಹೀಗಾದ ಮೇಲೆ ಈಜಿಲ್ಲ. ತಮ್ಮ ಈಗಲೇ ದಡದಲ್ಲಿ ಮೊಣಕಾಲುದ್ದ ನೀರಿನಲ್ಲಿ ನೀವು ಹೇಳಿದಂತೆ ಕೂರಿಸಿ ನೋಡಿದ. ಅಪ್ಪ ಹಲಗೆಯಿಂದ ಜಾರಿ ಕುಳಿತರು, ನೋವಾಗಲಿಲ್ಲ. ಆದರೆ ನೀರು ಅಂಚಿನಿಂದ ನಾಲ್ಕೇ ಬೆರಳು ಕೆಳಗಿದೆ. ದೋಣಿಯಲ್ಲಿ ಎರಡು ಮೂಟೆ ಅಡಿಕೆಯೂ ಇದೆ.

ತರಬೇತುದಾರರು: ನಾಲ್ಕು ಬೆರಳು ಸಾಲದು, ಒಂದು ಗೇಣಾದರೂ ಇರಬೇಕು. ಮೂಟೆಗಳನ್ನು ಇಳಿಸಿ, ತಳದ ನೀರನ್ನು ಪೂರ್ತಿ ಮೊಗೆದು ಹಾಕಿ, ಎರಡೂ ಬದಿಯಲ್ಲಿ ಮತ್ತೆ ಅಳೆಯಲು ಹೇಳಿ. ಒಂದು ಬದಿ ತಗ್ಗಾಗಿದ್ದರೆ ಅಪ್ಪ ಅಂಗೈಯಗಲ ಎದುರು ಬದಿಗೆ ಸರಿಯಲಿ. ಅಳತೆಯನ್ನು ಇಲ್ಲಿಯೇ ಬರೆಯಿರಿ. ಅಲ್ಲಿಯವರೆಗೆ ಹೊರಡಬೇಡಿ, ನಾನು ಕಾಯುತ್ತೇನೆ.